ಶ್ರವಣ ವರದಿ ಸರಿಯಿದ್ದರೂ ಮಾತು ಕೈಗೆಟುಕದವರು

ಮಾನ್ಯ ಸಂಪಾದಕರೇ,

ಕಲಿಕಾ ನ್ಯೂನತೆಯುಳ್ಳ ಮಕ್ಕಳನ್ನು ಶಾಲೆಯಲ್ಲೇ ಗುರುತಿಸಬೇಕೆಂದು ಒತ್ತಾಯಿಸಿ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಅದರ ಆಶಯಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ಈ ವಿಷಯದ ಮೇಲೆ ಬರುವ ಬಹುತೇಕ ಬರಹಗಳಂತೆ ಆ ಲೇಖನವೂ ಹತ್ತನೇ ತರಗತಿಗೆ ಬಂದು ನಿಂತುಬಿಟ್ಟಿದೆ. ಓದಲು ಬರೆಯಲು ತಡವರಿಸಿದ ಮಕ್ಕಳು ಮುಂದೆ ಇಪ್ಪತ್ತೈದು, ಮೂವತ್ತೈದು, ಐವತ್ತರ ವಯಸ್ಸಿಗೆ ಬರುತ್ತಾರೆ. ಅಂಗಡಿ, ಗೋದಾಮು, ಗ್ಯಾರೇಜು, ಕಚೇರಿಗಳಲ್ಲಿ ದುಡಿಯುತ್ತಾರೆ. ತೊಂದರೆಯೂ ಅವರ ಬೆನ್ನಿಗೇ ಬರುತ್ತದೆ. ದಾವಣಗೆರೆಯಲ್ಲಿ ಶ್ರವಣ ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ಇಂಥ ವಯಸ್ಕರ ಬಗ್ಗೆ ತಮ್ಮ ಓದುಗರಿಗೂ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೂ ಹೇಳಬೇಕಾದ ಮಾತು ಒಂದೇ. ನಿಶ್ಶಬ್ದ ಕೋಣೆಯಲ್ಲಿ ‘ಬೀಪ್’ ಸದ್ದು ಕೇಳಿಸಿ ತೆಗೆದ ಒಂದು ನಕ್ಷೆಯನ್ನಷ್ಟೇ ನೋಡಿ ‘ಕಿವಿ ಸರಿಯಾಗಿದೆ’ ಎಂದು ಬರೆದು ಇವರನ್ನು ಮನೆಗೆ ಕಳಿಸುವ ರೂಢಿ ನಿಲ್ಲಬೇಕು.

ಆ ನಕ್ಷೆಗೆ ಆಡಿಯೋಗ್ರಾಂ ಎನ್ನುತ್ತಾರೆ. 250 ಹರ್ಟ್ಜ್‌ನಿಂದ 8,000 ಹರ್ಟ್ಜ್‌ವರೆಗಿನ ಬೇರೆ ಬೇರೆ ಸ್ವರಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಪ್ರತಿಯೊಂದೂ ಎಷ್ಟು ಸಣ್ಣ ಮಟ್ಟದವರೆಗೆ ಕೇಳಿಸುತ್ತದೆ ಎಂಬುದನ್ನು ಡೆಸಿಬಲ್ ಲೆಕ್ಕದಲ್ಲಿ ಗುರುತು ಹಾಕಲಾಗುತ್ತದೆ. ವಯಸ್ಕರಲ್ಲಿ 25 ಡೆಸಿಬಲ್‌ ಒಳಗಿದ್ದರೆ ಸಾಮಾನ್ಯ ಶ್ರವಣವೆಂದು ಪರಿಗಣಿಸುವುದು ವಾಡಿಕೆ. ಈ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ; ಮೊದಲು ಮಾಡಬೇಕಾದದ್ದೇ ಇದು. ಆದರೆ ಮಂಡಿಪೇಟೆಯಲ್ಲಾಗಲಿ ಬಸ್‌ ನಿಲ್ದಾಣದಲ್ಲಾಗಲಿ ಯಾರೂ ನಮ್ಮೊಡನೆ ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ಊದಿ ವ್ಯವಹರಿಸುವುದಿಲ್ಲ. ಅಲ್ಲಿ ಮಾತು ಓಡುತ್ತಿರುತ್ತದೆ, ಅದರ ಮೇಲೆ ಇನ್ನೊಬ್ಬರ ಮಾತು ಬಿದ್ದಿರುತ್ತದೆ, ಹಿಂದಿನಿಂದ ಲಾರಿಯ ಹಾರನ್ನು ಕೂಗುತ್ತಿರುತ್ತದೆ.

ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಯುವಕನೊಬ್ಬನನ್ನು ಅವನ ಅಕ್ಕ ನನ್ನ ಬಳಿಗೆ ಕರೆತಂದಿದ್ದರು. ಶಾಲೆಯಲ್ಲಿ ಅವನು ದಡ್ಡನೆನಿಸಿಕೊಂಡವನು. ಉಕ್ತಲೇಖನವೆಂದರೆ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದನಂತೆ. ಈಗಲೂ ಪತ್ರಿಕೆಯ ಒಂದು ಕಾಲಂ ಓದಲು ಬಹಳ ಹೊತ್ತು ಬೇಕು, ಆದರೆ ಬಾಯಿಲೆಕ್ಕದಲ್ಲಿ ಚುರುಕು. ಮೆಕ್ಕೆಜೋಳದ ಸುಗ್ಗಿ ಬಂದಾಗ ತೂಕದವರು ಕೂಗಿ ಹೇಳುವ ಅಂಕಿಗಳನ್ನು ಅವನು ಚೀಟಿಗೆ ಇಳಿಸಬೇಕು. ಹಮಾಲರ ಕೂಗು, ಚೀಲ ಬೀಳುವ ಸದ್ದು, ಟ್ರ್ಯಾಕ್ಟರುಗಳ ನಡುವೆ ‘ಎಪ್ಪತ್ತೇಳು’ ಅವನಿಗೆ ‘ಎಂಬತ್ತೇಳು’ ಆಗುತ್ತಿತ್ತು. ಒಮ್ಮೆ ರೈತರೊಬ್ಬರೊಂದಿಗೆ ಇದೇ ಕಾರಣಕ್ಕೆ ಜಗಳವಾಗಿ, ಮೊದಲು ಕಿವಿ ತೋರಿಸಿಕೊಂಡು ಬಾ ಎಂದು ಮಾಲೀಕರು ಕಳಿಸಿದ್ದಾರೆ. ಅವನು ಮೊದಲು ಹೋದ ಕಡೆ ಆಡಿಯೋಗ್ರಾಂ ಮಾತ್ರ ತೆಗೆದು, ಶ್ರವಣ ಸಾಮಾನ್ಯವಾಗಿದೆ, ಗಮನ ಕಡಿಮೆ ಎಂದು ಷರಾ ಬರೆದುಕೊಟ್ಟಿದ್ದರು. ನನ್ನ ಕೋಣೆಯಲ್ಲೂ ಅವನ ಆಡಿಯೋಗ್ರಾಂ ಚೆನ್ನಾಗಿಯೇ ಇತ್ತು. ನಿಶ್ಶಬ್ದದಲ್ಲಿ ಕೇಳಿಸಿದ ಕನ್ನಡ ಪದಗಳನ್ನು ಒಂದೂ ತಪ್ಪದೆ ಹೇಳಿದ. ಆಮೇಲೆ ಅದೇ ಬಗೆಯ ಪದಗಳನ್ನು, ಹಲವರು ಒಟ್ಟಿಗೆ ಮಾತನಾಡುವ ಗದ್ದಲವನ್ನು ಸಮ ಮಟ್ಟದಲ್ಲಿ ಬೆರೆಸಿ ಕೇಳಿಸಿದಾಗ, ಅರ್ಧಕ್ಕಿಂತ ಹೆಚ್ಚು ತಪ್ಪಿದವು. ಹೆಡ್‌ಫೋನ್ ತೆಗೆದು ಅವನು ಹೇಳಿದ್ದು ಇಷ್ಟೇ: “ಸೌಂಡು ಕೇಳಸ್ತತಿ ಮೇಡಂ, ಮಾತು ಗೊತ್ತಾಗಲ್ಲ.” ಅವನ ತೊಂದರೆಯನ್ನು ಯಾವ ವರದಿಯೂ ಇದಕ್ಕಿಂತ ನೇರವಾಗಿ ಹೇಳಲಾರದು.

ಸದ್ದು ಕೇಳಿಸುವುದಕ್ಕೂ ಮಾತು ತಿಳಿಯುವುದಕ್ಕೂ ನಡುವೆ ದೊಡ್ಡ ದಾರಿಯಿದೆ, ಮತ್ತು ಅದು ಶುರುವಾಗುವುದು ಒಳಗಿವಿಯಲ್ಲಿ. ಎರಡೂವರೆ ಸುತ್ತಿಗೆ ತುಸು ಹೆಚ್ಚಾಗಿ ಸುರುಳಿಗೊಂಡಿರುವ, ಕಾಕ್ಲಿಯಾ ಎಂಬ ಒಳಗಿವಿಯ ನಳಿಗೆಯ ಬುಡದಲ್ಲಿ ಕೀರಲು ಸ್ವರಗಳಿಗೂ ತುದಿಯಲ್ಲಿ ಗಡಸು ಸ್ವರಗಳಿಗೂ ಜಾಗ ಗೊತ್ತಾಗಿದೆ. ಸದ್ದಿಗೆ ಸ್ಪಂದಿಸುವ ಸೂಕ್ಷ್ಮ ಕೋಶಗಳಿಗೆ ರೋಮಕೋಶಗಳೆನ್ನುತ್ತಾರೆ; ಒಂದು ಕಿವಿಯಲ್ಲಿ ಸುಮಾರು 3,500 ಒಳ ರೋಮಕೋಶಗಳೂ ಸುಮಾರು 12,000 ಹೊರ ರೋಮಕೋಶಗಳೂ ಇರುತ್ತವೆ. ಮಿದುಳಿಗೆ ಸುದ್ದಿ ಮುಟ್ಟಿಸುವ ಕೆಲಸ ಹೆಚ್ಚಾಗಿ ಒಳ ಕೋಶಗಳದ್ದು. ಹೊರ ಕೋಶಗಳು ಸದ್ದಿಗೆ ತಕ್ಕಂತೆ ತಾವೇ ಹಿಗ್ಗಿ ಕುಗ್ಗಿ ಕ್ಷೀಣ ಸದ್ದನ್ನು ಹಿಗ್ಗಿಸುತ್ತವೆ, ಹತ್ತಿರ ಹತ್ತಿರದ ಎರಡು ಸ್ವರಗಳನ್ನು ಬಿಡಿಸಿ ಕೊಡುತ್ತವೆ. ಹೀಗೆ ದುಡಿಯುವಾಗ ಒಳಗಿವಿಯೇ ಒಂದು ಸಣ್ಣ ಸದ್ದನ್ನು ಹೊರಕ್ಕೆ ಚೆಲ್ಲುತ್ತದೆ. ಬ್ರಿಟನ್ನಿನ ಡೇವಿಡ್ ಕೆಂಪ್ 1978ರಲ್ಲಿ ಇದನ್ನು ದಾಖಲಿಸಿದರು. ಇವತ್ತು ಹೆರಿಗೆ ಆಸ್ಪತ್ರೆಗಳಲ್ಲಿ ಹಸುಗೂಸುಗಳ ಕಿವಿಗೆ ಸಣ್ಣ ಬಿರಡೆ ಇಟ್ಟು ಮಾಡುವ ಓಎಇ ಪರೀಕ್ಷೆಗೆ ಅದೇ ಆಧಾರ. ಮಲಗಿರುವ ಕೂಸಿಗೆ ಮಾಡಬಹುದಾದ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಎದುರಿಗಿರುವವರು ಕೈಯೆತ್ತುವುದೂ ಬೇಡ. ಆದರೂ ಓದುವ ತೊಂದರೆಯಿಂದ ಬಂದ ವಯಸ್ಕರಿಗೆ ಇದನ್ನು ಮಾಡಿದ ವರದಿ ನನ್ನ ಕಣ್ಣಿಗೆ ಬೀಳುವುದು ಅಪರೂಪ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸುದ್ದಿ ಕಿವಿಯಿಂದ ಮಿದುಳಿಗೆ ಮಾತ್ರ ಹೋಗುವುದಿಲ್ಲ. ಮಿದುಳುಕಾಂಡದಿಂದ ಹೊರ ರೋಮಕೋಶಗಳಿಗೆ ಮರಳಿ ಬರುವ ನರಗಳೂ ಇವೆ. ಗದ್ದಲದಲ್ಲಿ ಈ ನರಗಳು ಹೊರ ಕೋಶಗಳ ಉತ್ಸಾಹವನ್ನು ತಗ್ಗಿಸಿ, ಹಿನ್ನೆಲೆಯ ಒಂದೇ ಸಮನೆಯ ಸದ್ದನ್ನು ಹತ್ತಿಕ್ಕಿ, ಮಾತನ್ನು ಮೇಲೆತ್ತಲು ನೆರವಾಗುತ್ತವೆ ಎಂಬುದು ಒಪ್ಪಿತವಾಗಿರುವ ವಿವರಣೆ. ಒಂದು ಕಿವಿ ಹೊರಚೆಲ್ಲುವ ಆ ಸಣ್ಣ ಸದ್ದನ್ನು (ಓಎಇ) ಅಳೆಯುತ್ತ ಇನ್ನೊಂದು ಕಿವಿಗೆ ಗದ್ದಲ ಕೇಳಿಸಿದರೆ ಓಎಇ ಸ್ವಲ್ಪ ತಗ್ಗಬೇಕು. ಕಲಿಕಾ ನ್ಯೂನತೆಯಿರುವ ಕೆಲವರಲ್ಲಿ ಅದು ತಗ್ಗುವ ಪ್ರಮಾಣ ಕಡಿಮೆಯೆಂದು ಕೆಲವು ಅಧ್ಯಯನಗಳು ಕಂಡುಕೊಂಡಿವೆ, ಇನ್ನು ಕೆಲವು ಅಂಥ ವ್ಯತ್ಯಾಸವನ್ನು ಕಂಡಿಲ್ಲ. ಆದ್ದರಿಂದ ಇದರ ಮೇಲೆ ಯಾರ ಹಣೆಗೂ ಚೀಟಿ ಅಂಟಿಸಲು ಬರುವುದಿಲ್ಲ. ಆದರೆ ಒಳಗಿವಿಯನ್ನು ನೋಡದೆಯೇ ಎಲ್ಲವನ್ನೂ ‘ಗಮನ ಕಡಿಮೆ’ ಎಂಬ ಷರಾಕ್ಕೆ ಹಾಕುವುದೂ ಸಲ್ಲದು.

ಒಳಗಿವಿಯಿಂದ ಮುಂದೆ ಶ್ರವಣನರ, ಮಿದುಳುಕಾಂಡ, ಕೊನೆಗೆ ಮಿದುಳಿನ ಹೊರಪದರ. ಈ ದಾರಿಯಲ್ಲಿ ಬೆಲೆಯಿರುವುದು ಸಮಯಕ್ಕೆ, ಅದೂ ಸೆಕೆಂಡಿನ ಸಾವಿರದ ಒಂದು ಭಾಗವಾದ ಮಿಲಿಸೆಕೆಂಡಿನ ಲೆಕ್ಕದಲ್ಲಿ. ನಮ್ಮ ಭಾಷೆಯನ್ನೇ ನೋಡಿ. ‘ತಡ’ ಮತ್ತು ‘ದಡ’, ‘ಪಡಿ’ ಮತ್ತು ‘ಬಡಿ’ ಎಂಬ ಜೋಡಿಗಳಲ್ಲಿ ನಾಲಗೆ, ತುಟಿಗಳ ಚಲನೆ ಒಂದೇ. ಎರಡನೆಯದರಲ್ಲಿ ಬಾಯಿ ಬಿಚ್ಚುವುದಕ್ಕೆ ಕೆಲವು ಹತ್ತು ಮಿಲಿಸೆಕೆಂಡು ಮೊದಲೇ ಗಂಟಲಿನ ನಾದ ಶುರುವಾಗಿರುತ್ತದೆ. ‘ಬಿಡಿ’ ಎಂಬುದನ್ನು ‘ಬೀಡಿ’ ಮಾಡುವುದು, ‘ಕತೆ’ಯನ್ನು ‘ಕತ್ತೆ’ ಮಾಡುವುದು ಬರಿಯ ಕಾಲದ ಅಂತರ. ಶಬ್ದದ ನಡುವಿನ ಕೆಲವೇ ಮಿಲಿಸೆಕೆಂಡುಗಳ ಬಿಡುವನ್ನೂ ಆರೋಗ್ಯವಂತ ವಯಸ್ಕರು ಗುರುತಿಸಬಲ್ಲರು. ಆ ಬಿಡುವು ಹತ್ತಾರು ಮಿಲಿಸೆಕೆಂಡಾದ ಹೊರತು ಗೊತ್ತಾಗದವರಿಗೆ ನಿಶ್ಶಬ್ದದಲ್ಲಿ ಸಂದರ್ಭದ ಬಲದಿಂದ ಹೇಗೋ ನಡೆದುಹೋಗುತ್ತದೆ. ಗದ್ದಲದಲ್ಲಿ, ಫೋನಿನಲ್ಲಿ, ಮುಖ ಕಾಣದ ಕಡೆಗಳಲ್ಲಿ ಸಿಕ್ಕಿಬೀಳುತ್ತಾರೆ. ಎರಡು ಕಿವಿಗೆ ಒಂದೇ ಕ್ಷಣದಲ್ಲಿ ಬೇರೆ ಬೇರೆ ಅಕ್ಷರ ಕೇಳಿಸಿ ಎರಡನ್ನೂ ಹೇಳಿಸುವ ಪರೀಕ್ಷೆಯೂ ಇದೆ. ಒಂದು ಕಿವಿಯ ಮಾತನ್ನು ಇನ್ನೊಂದರ ಮಾತಿನಿಂದ ಬೇರ್ಪಡಿಸಿ ಹಿಡಿಯುವ ಶಕ್ತಿಯನ್ನು ಅದು ತೋರಿಸುತ್ತದೆ.

ನಮ್ಮ ಭಾಗದ ಉಪಾಧ್ಯಾಯರಿಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆ, ಚಿತ್ರದುರ್ಗ ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣ ಬಹುಮಟ್ಟಿಗೆ ಇಲ್ಲ. ‘ಭ’ ಬದಲು ‘ಬ’ ಬರೆದದ್ದನ್ನು ಹಿಡಿದು ಯಾರಿಗೂ ಕಲಿಕಾ ನ್ಯೂನತೆಯೆಂದಾಗಲಿ ಶ್ರವಣದೋಷವೆಂದಾಗಲಿ ಹೇಳಬಾರದು. ಅದು ಊರಿನ ಉಚ್ಚಾರ. ಕನ್ನಡದಲ್ಲಿ ಉಚ್ಚಾರಕ್ಕೂ ಬರಹಕ್ಕೂ ಹೊಂದಾಣಿಕೆ ಹೆಚ್ಚಿರುವುದರಿಂದ ದೊಡ್ಡವರಲ್ಲಿ ಓದಿನ ತೊಂದರೆ ತಪ್ಪುಗಳಾಗಿ ಕಾಣುವುದಕ್ಕಿಂತ ನಿಧಾನಗತಿಯಾಗಿ ಕಾಣುವುದೇ ಹೆಚ್ಚು. ಒತ್ತಕ್ಷರ ಬಂದಲ್ಲಿ ನಿಂತು, ಹಿಂದೆ ಹೋಗಿ, ಮತ್ತೆ ಓದುವವರನ್ನು ಗಮನಿಸಿ.

ಶ್ರವಣ ಸಂಸ್ಕರಣದ ತೊಂದರೆಯೇ, ಅಂದರೆ ಕೇಳಿದ ಸದ್ದನ್ನು ಮಾತಾಗಿ ಬಿಡಿಸಿಕೊಳ್ಳಲಾಗದಿರುವುದೇ, ಓದಿನ ತೊಂದರೆಗೆ ಮೂಲ ಎಂದು ನಾನು ಹೇಳಹೊರಟಿಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕು. ವೇಗವಾಗಿ ಬರುವ ಸದ್ದುಗಳನ್ನು ಬೇರ್ಪಡಿಸಲಾಗದಿರುವುದೇ ಓದು ಬಾರದಿರುವುದಕ್ಕೆ ಕಾರಣವಿರಬಹುದು ಎಂಬ ವಾದವನ್ನು ಅಮೆರಿಕದ ಪೌಲಾ ತಲ್ಲಾಲ್ 1980ರಲ್ಲಿ ಮುಂದಿಟ್ಟರು. ಆಮೇಲಿನ ಸಂಶೋಧನೆಯಲ್ಲಿ ಈ ದೌರ್ಬಲ್ಯ ಡಿಸ್ಲೆಕ್ಸಿಯಾ, ಅಂದರೆ ಓದಿನ ನ್ಯೂನತೆ, ಇರುವ ಎಲ್ಲರಲ್ಲೂ ಕಾಣಲಿಲ್ಲ, ಒಂದು ಪಾಲಿನ ಜನರಲ್ಲಿ ಮಾತ್ರ ಕಂಡಿತು. ಮಾತಿನ ಧ್ವನಿಗಳನ್ನು ಮನಸ್ಸಿನಲ್ಲಿ ಬಿಡಿಸಿ ಜೋಡಿಸುವ ಸಾಮರ್ಥ್ಯದ ಕೊರತೆಯನ್ನೇ ಹೆಚ್ಚಿನ ವಿದ್ವಾಂಸರು ಪ್ರಧಾನ ಕಾರಣವೆಂದು ಒಪ್ಪುತ್ತಾರೆ. ಶ್ರವಣ ಸಂಸ್ಕರಣದ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯೆಂದು ಕರೆಯಬೇಕೇ ಎಂಬ ಚರ್ಚೆಯೂ ಮುಗಿದಿಲ್ಲ; ಗಮನ, ಜ್ಞಾಪಕಶಕ್ತಿಗಳ ಕೊರತೆಯಿರುವವರೂ ಈ ಪರೀಕ್ಷೆಗಳಲ್ಲಿ ಎಡವುತ್ತಾರೆ. ಹಾಗಿದ್ದರೂ ಅಂಗಡಿಯಲ್ಲಿ ಅಂಕಿ ತಪ್ಪುವವನಿಗೆ ಈ ಚರ್ಚೆ ಮುಗಿಯುವವರೆಗೆ ಕಾದಿರು ಎನ್ನಲಾಗದು. ಅವನಿಗೆ ಗದ್ದಲದಲ್ಲಿ ಮಾತು ಸಿಗುತ್ತಿಲ್ಲ ಎಂಬುದು ಅಳೆಯಬಹುದಾದ ಸಂಗತಿ, ಅಳೆದರೆ ಪರಿಹಾರಕ್ಕೆ ದಾರಿಯಿದೆ.

ಈ ಅನಿಶ್ಚಿತತೆಯನ್ನೇ ಬಂಡವಾಳ ಮಾಡಿಕೊಂಡವರ ಬಗ್ಗೆ ಎಚ್ಚರವೂ ಬೇಕು. ಹೆಡ್‌ಫೋನಿನಲ್ಲಿ ವಿಶೇಷ ಸಂಗೀತ ಕೇಳಿಸಿ, ಕಂಪ್ಯೂಟರಿನಲ್ಲಿ ಸದ್ದಿನ ಆಟ ಆಡಿಸಿ, ಕೆಲವೇ ವಾರಗಳಲ್ಲಿ ಓದು ಬರಿಸುತ್ತೇವೆನ್ನುವ ಪ್ಯಾಕೇಜುಗಳು ನಮ್ಮ ಊರುಗಳಿಗೂ ಬಂದಿವೆ. ಅಂಥ ಕಂಪ್ಯೂಟರ್ ತರಬೇತಿಗಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ ಓದಿನಲ್ಲಿ ಗಟ್ಟಿಯಾದ ಲಾಭ ಕಂಡುಬಂದಿಲ್ಲ. ಮನೆಯವರು ಸಾಲ ಮಾಡಿ ದುಡ್ಡು ಕಟ್ಟುವ ಮೊದಲು ಈ ಮಾತನ್ನು ನೆನಪಿನಲ್ಲಿಡಬೇಕು.

ಆಡಿಯೋಗ್ರಾಂ ಸರಿಯಿದ್ದೂ ಮಾತು ಸಿಗದಿರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಒಳ ರೋಮಕೋಶಕ್ಕೂ ಶ್ರವಣನರಕ್ಕೂ ಇರುವ ಸಂಧಿಗಳು ಜೋರು ಸದ್ದಿನಿಂದ ಶಾಶ್ವತವಾಗಿ ಹಾಳಾಗಬಹುದು, ಆದರೂ ಕೇಳುವ ಮಟ್ಟ ಮೊದಲಿನಂತೆಯೇ ಉಳಿಯಬಹುದು ಎಂದು 2009ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದು ತೋರಿಸಿತು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ಇನ್ನೂ ಸಂಶೋಧನೆಯ ವಿಷಯ. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು. ಗಿರಣಿಗಳ ಕಾಲ ಮುಗಿದರೂ ಅಕ್ಕಿ ಗಿರಣಿ, ವೆಲ್ಡಿಂಗ್ ಶೆಡ್ಡುಗಳ ಸದ್ದು ಮುಗಿದಿಲ್ಲ, ಗಣಪತಿ ಮೆರವಣಿಗೆಯ ಡಿಜೆಯ ಮುಂದೆ ಗಂಟೆಗಟ್ಟಲೆ ಕುಣಿಯುವ ಹುಡುಗರ ಕಿವಿಯ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ಚಿಕ್ಕಂದಿನಲ್ಲಿ ಪದೇ ಪದೇ ಕಿವಿ ಸೋರಿದ ಇತಿಹಾಸವೂ ಹಳ್ಳಿಗಳಿಂದ ಬರುವವರಲ್ಲಿ ಸಾಮಾನ್ಯ. ಓಎಇ ಚೆನ್ನಾಗಿದ್ದು ಶ್ರವಣನರದ ಸಂಕೇತಗಳು ಮಾತ್ರ ಹೊಂದಾಣಿಕೆ ತಪ್ಪಿರುವ ಸ್ಥಿತಿಯೊಂದಿದೆ. ಅದು ತಿಳಿಯಬೇಕಾದರೆ ತಲೆಗೆ ಎಲೆಕ್ಟ್ರೋಡು ಅಂಟಿಸಿ ಮಾಡುವ ‘ಬೇರಾ’ ಎಂಬ ಪರೀಕ್ಷೆ ಬೇಕು. ಓದಿನ ತೊಂದರೆಯಿದೆ ಎಂದ ಮಾತ್ರಕ್ಕೆ ಇವನ್ನೆಲ್ಲ ನೋಡದೆ ಬಿಡುವುದು ಸರಿಯಲ್ಲ.

ಬೌದ್ಧಿಕ ನ್ಯೂನತೆಯುಳ್ಳ ವಯಸ್ಕರ ಪರಿಸ್ಥಿತಿ ಇದಕ್ಕಿಂತ ಶೋಚನೀಯ. ಡೌನ್ ಸಿಂಡ್ರೋಮ್ ಇರುವವರ ಕಿವಿಯ ನಾಳ ಸಾಮಾನ್ಯವಾಗಿ ಕಿರಿದು, ಗುಗ್ಗೆ ಬೇಗ ಕಟ್ಟಿಕೊಳ್ಳುತ್ತದೆ, ನಡುಗಿವಿಯಲ್ಲಿ ದ್ರವ ನಿಲ್ಲುವುದು ಹೆಚ್ಚು, ವಯಸ್ಸಿನಿಂದ ಬರುವ ಕಿವುಡುತನವೂ ಇತರರಿಗಿಂತ ಬೇಗ ಬರುತ್ತದೆ. ಕರೆದರೆ ತಿರುಗಿ ನೋಡದಿದ್ದರೆ ಮನೆಯವರು ‘ಅವನ ಸ್ವಭಾವವೇ ಹಾಗೆ’ ಎಂದುಕೊಳ್ಳುತ್ತಾರೆ; ಎಷ್ಟೋ ವೈದ್ಯರೂ ಹಾಗೆಯೇ ಅಂದುಕೊಳ್ಳುತ್ತಾರೆ. ನಲವತ್ತರ ಹರೆಯದ ಮಗಳು ಈಚೆಗೆ ಮಂಕಾಗಿದ್ದಾಳೆ, ಹಟ ಹೆಚ್ಚಾಗಿದೆ ಎಂದು ಜಗಳೂರು ಕಡೆಯ ವಯಸ್ಸಾದ ತಾಯಿಯೊಬ್ಬರು ಕರೆತಂದಿದ್ದರು. ಎರಡೂ ಕಿವಿಯಿಂದ ಕಲ್ಲಿನಂತೆ ಗಟ್ಟಿಯಾಗಿದ್ದ ಗುಗ್ಗೆಯನ್ನು ಇಎನ್‌ಟಿ ವೈದ್ಯರು ತೆಗೆಸಿದ ಮೇಲೆ ಆಕೆ ಅಮ್ಮನ ಬಳೆಯ ಸದ್ದಿಗೆ ತಿರುಗಿ ನೋಡಿದರು. ಇಂಥವರ ಕಿವಿಯನ್ನು ವರ್ಷಕ್ಕೊಮ್ಮೆಯಾದರೂ ಬೆಳಕು ಬಿಟ್ಟು ನೋಡಿ, ಓಎಇ ಮಾಡುವುದು ಕನಿಷ್ಠ ಕರ್ತವ್ಯ.

ಕಾನೂನಿನ ಕಡೆಯಿಂದ ನೋಡಿದರೆ ಈ ವಯಸ್ಕರು ಎರಡು ಕಂಬಗಳ ನಡುವಿನ ಸಂದಿಯಲ್ಲಿ ಬಿದ್ದಿದ್ದಾರೆ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇರಲೇ ಇಲ್ಲ. 21 ಬಗೆಯ ನ್ಯೂನತೆಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ ಅದು ಸೇರಿತು. ಅಂದರೆ ಅದಕ್ಕೆ ಮೊದಲೇ ಶಾಲೆ ಬಿಟ್ಟವರಿಗೆ ಓದುವ ಕಾಲದಲ್ಲಿ ಈ ನೆರವಿನ ಬಾಗಿಲೇ ಇರಲಿಲ್ಲ. ಶ್ರವಣದೋಷದ ಬಾಗಿಲಿಗೆ ಹೋದರೆ ಅಲ್ಲಿ ಎರಡೂ ಕಿವಿಗಳಲ್ಲಿ ಮಾತಿನ ಸ್ವರಗಳಿಗೆ 60 ಡೆಸಿಬಲ್ ನಷ್ಟವಿದ್ದರೆ ಮಾತ್ರ ಪ್ರವೇಶ. ಕಲಿಕಾ ನ್ಯೂನತೆಯ ಅಳತೆಗೆ ಬಳಸುವ ನಿಮ್ಹಾನ್ಸ್ ಪರೀಕ್ಷಾ ಸರಣಿ ಮಕ್ಕಳಿಗಾಗಿ ರೂಪಿಸಿದ್ದು. ಮೂವತ್ತೆಂಟರ ಗುಮಾಸ್ತರನ್ನು ಅದರ ಮುಂದೆ ಕೂರಿಸಿದರೆ ಬರುವ ಫಲಿತಾಂಶವನ್ನು ಹೇಗೆ ಓದಬೇಕು ಎಂಬ ಗೊಂದಲ ಪ್ರಮಾಣಪತ್ರ ಕೊಡುವವರಿಗೂ ಇದೆ. ಕುತೂಹಲದ ಸಂಗತಿಯೆಂದರೆ, 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ವಿವರಿಸುವಾಗ ಡಿಸ್ಲೆಕ್ಸಿಯಾದ ಜೊತೆಯಲ್ಲೇ ಗ್ರಹಿಕೆಯ ನ್ಯೂನತೆಗಳನ್ನೂ ಹೆಸರಿಸಿದೆ, ಆಡುವ ಭಾಷೆಯ ಸಂಸ್ಕರಣದ ಕೊರತೆಯನ್ನೂ ಹೇಳಿದೆ. ಗದ್ದಲದಲ್ಲಿ ಮಾತು ಹಿಡಿಯಲಾಗದ ತೊಂದರೆಯನ್ನು ಈ ವಾಕ್ಯದೊಳಗೆ ತರಲು ನನ್ನ ದೃಷ್ಟಿಯಲ್ಲಿ ಅವಕಾಶವಿದೆ. ಕಾನೂನು ಬಲ್ಲವರು ಇದನ್ನು ಪರಿಶೀಲಿಸಿದರೆ ಉಪಕಾರವಾಗುತ್ತದೆ, ಏಕೆಂದರೆ ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿಯಲ್ಲಿ ಕಲಿಕಾ ನ್ಯೂನತೆಯವರಿಗೂ ಪಾಲಿದೆ.

ಪರಿಹಾರಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಾಗಿಲ್ಲ. ಮೇಲೆ ಹೇಳಿದ ಯುವಕನ ವಿಷಯದಲ್ಲಿ ನಾನು ಮಾಲೀಕರಿಗೆ ಒಂದು ಪತ್ರ ಬರೆದುಕೊಟ್ಟೆ. ತೂಕದವರು ಈಗ ‘ಎಪ್ಪತ್ತೇಳು’ ಎನ್ನುವ ಬದಲು ‘ಏಳು, ಏಳು’ ಎಂದು ಒಂದೊಂದೇ ಅಂಕಿ ಹೇಳುತ್ತಾರೆ, ಇವನು ಕೇಳಿದ್ದನ್ನು ತಿರುಗಿ ಕೂಗಿದ ಮೇಲೇ ಚೀಲ ಕೆಳಗಿಳಿಯುತ್ತದೆ, ಸಂಜೆಯ ಆದೇಶಗಳು ಬಾಯಿಮಾತಿನ ಬದಲು ವಾಟ್ಸ್ಆ್ಯಪ್‌ನಲ್ಲಿ ಬರುತ್ತವೆ, ಅದೂ ಧ್ವನಿ ಸಂದೇಶವಾಗಿ. ನಿಧಾನವಾಗಿ ಓದುವವನಿಗೆ ಬೇಕಾದಷ್ಟು ಸಲ ನಿಶ್ಶಬ್ದದಲ್ಲಿ ಕೇಳಿಕೊಳ್ಳುವುದು ಅನುಕೂಲ. ಅವನು ಕೂರುವ ಜಾಗವನ್ನು ಬಾಗಿಲಿನಿಂದ ಗೋಡೆಯ ಕಡೆಗೆ ಸರಿಸಿದ್ದಾರೆ. ತರಗತಿಯಲ್ಲಿ ಉಪಾಧ್ಯಾಯರ ಧ್ವನಿ ಗದ್ದಲಕ್ಕಿಂತ ಕನಿಷ್ಠ 15 ಡೆಸಿಬಲ್ ಮೇಲಿರಬೇಕೆಂಬ ಶಿಫಾರಸು ಇದೆ. ತರಬೇತಿ ಕೇಂದ್ರ, ಐಟಿಐ, ಚಾಲನಾ ಶಾಲೆಗಳಲ್ಲಿ ಕಲಿಯುವ ವಯಸ್ಕರಿಗೂ ಅದು ಅನ್ವಯಿಸಬೇಕು. ಹೇಳುವವರ ಕೊರಳಿಗೆ ಸಣ್ಣ ಮೈಕು, ಕೇಳುವವರ ಕಿವಿಗೆ ರಿಸೀವರು ಎಂಬ ಸಾಧನಗಳೂ ಇವೆ. ಶ್ರವಣಯಂತ್ರ ಮಾತ್ರ ಎಲ್ಲರಿಗೂ ಮದ್ದಲ್ಲ. ಮಟ್ಟ ಸರಿಯಿರುವ ಕಿವಿಗೆ ಅದನ್ನು ಹಾಕಿದರೆ ಮಾತಿನೊಂದಿಗೆ ಗದ್ದಲವೂ ಹಿಗ್ಗುವ ಅಪಾಯವಿದೆ.

ನನ್ನ ಕೋರಿಕೆ ಹೀಗಿದೆ. ಓದಿನ ತೊಂದರೆಯ ಇತಿಹಾಸವಿರುವ ಯಾವುದೇ ವಯಸ್ಕರು ಶ್ರವಣ ಪರೀಕ್ಷೆಗೆ ಬಂದಾಗ ಕಿವಿಯ ನಾಳ ಹಾಗೂ ನಡುಗಿವಿಯ ತಪಾಸಣೆ, ಓಎಇ, ಗದ್ದಲದ ನಡುವೆ ಕನ್ನಡ ಪದಗಳನ್ನು ಗುರುತಿಸುವ ಪರೀಕ್ಷೆ, ಇಷ್ಟನ್ನು ಆಡಿಯೋಗ್ರಾಂ ಜೊತೆಗೆ ಮಾಡಬೇಕು, ವರದಿಯಲ್ಲಿ ಇವುಗಳಿಗೆ ಜಾಗವಿರಬೇಕು. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಬರುವ ಹದಿನೆಂಟು ದಾಟಿದವರಿಗೂ ಇದೇ ಕ್ರಮವಿರಲಿ. ದಾವಣಗೆರೆಯಲ್ಲಿ ಎಲ್ಲ ಬಗೆಯ ಅಂಗವಿಕಲತೆಯವರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಎರಡೂ ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆಗಳಿವೆ. ವಾರದಲ್ಲಿ ಒಂದು ಹೊತ್ತನ್ನು ವಯಸ್ಕರಿಗೆಂದೇ ಗೊತ್ತುಪಡಿಸಿ, ಅದನ್ನು ಫಲಕದಲ್ಲಿ ಬರೆದು ಹಾಕಿದರೆ ದುಡಿಯುವ ಜನ ಕೂಲಿ ಕಳೆದುಕೊಂಡು ಮೈಸೂರಿಗೆ, ಬೆಂಗಳೂರಿಗೆ ಅಲೆಯುವುದು ತಪ್ಪುತ್ತದೆ. ಪರೀಕ್ಷೆ ಕನ್ನಡದಲ್ಲೇ ಆಗಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಪದಗಳ ಪಟ್ಟಿ ಕೇಳಿಸಿ, ತಪ್ಪಿದ್ದನ್ನೆಲ್ಲ ಕಿವಿಯ ಮೇಲೆ ಹಾಕಿದ ವರದಿಗಳನ್ನು ನಾನು ಕಂಡಿದ್ದೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ವಯಸ್ಕರಿಗಾಗಿ ಕನ್ನಡ ಪದಪಟ್ಟಿಗಳನ್ನು ಬಹಳ ಹಿಂದೆಯೇ ಸಿದ್ಧಪಡಿಸಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಅವನ್ನು ಅಧಿಕೃತವಾಗಿ ಕೇಳಿ ತರಿಸಿ ಎರಡೂ ಜಿಲ್ಲಾಸ್ಪತ್ರೆಗಳ ಶ್ರವಣ ಕೊಠಡಿಗಳಿಗೆ ಕೊಟ್ಟರೆ, ಬಳಸುವ ಕ್ರಮವನ್ನು ಅಲ್ಲಿನ ಸಿಬ್ಬಂದಿಗೆ ಹೇಳಿಕೊಡಲು ನನ್ನಂಥವರು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಶ್ರವಣತಜ್ಞೆ
ವಿದ್ಯಾನಗರ, ದಾವಣಗೆರೆ